ರೋಬೋ ಗುದ್ದಾಟದ ಗೇಮ್: ತಮ್ಮನ ಕೈಗೆ ಕೊಡಬೇಕೋ, ಬ್ಯಾಡೋ?



ನಿಮ್ಮ ಮನೆಯ ಮೊಬೈಲಿಗೆ ಹೊಸ ಆ್ಯಪ್ ಹಾಕುವವರು ಯಾರು? ಸೊಲ್ಲಾಪುರದ ಕಾರಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಇರಲಿ, ಅಕ್ಕಲಕೋಟ ತಾಲೂಕಿನ ಹಳ್ಳಿಯಲ್ಲಿ ಹೊಲದಿಂದ ಬಂದ ಕಾಕಾ ಇರಲಿ, "ಇದೇನೋ ಕೇಳಲಾಕತ್ತದ, ನೋಡಪಾ ಅಷ್ಟು" ಅಂತ ಫೋನ್ ನಿಮ್ಮ ಕೈಗೇ ಕೊಡುತ್ತಾರೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುವವರು. ಮೊಬೈಲ್ ಮಾತ್ರ ಬಹಳ ಮಟ್ಟಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಅದನ್ನು ಓದಿ ಒತ್ತುವ ಕೆಲಸ ಏಳನೆಯ, ಎಂಟನೆಯ ಇಯತ್ತೆಯ ಹುಡುಗ ಹುಡುಗಿಯರ ಪಾಲಿಗೆ ಬಂದಿದೆ. ಹಾಗಾಗಿ "ಈ ಗೇಮ್ ಮಕ್ಕಳಿಗೆ ಆಗಿಬರ್ತದೇನು?" ಎಂಬ ಪ್ರಶ್ನೆಯನ್ನು ನಿಮ್ಮ ಪಾಲಕರಿಗೆ ಕೇಳುವ ಮೊದಲು ನಿಮಗೇ ಕೇಳುತ್ತಿದ್ದೇನೆ. ಎರಡನೆಯ ಇಯತ್ತೆಯ ತಮ್ಮ ಅಂಗಿ ಹಿಡಿದು ಜಗ್ಗುತ್ತಿದ್ದಾನೆ, ರೋಬೋ ಗುದ್ದಾಟದ ಗೇಮ್ ಹಾಕಿಕೊಡು ಅಂತ. ಏನು ಮಾಡ್ತೀರಿ?

ಬರೀ ಮಾತು ಬೇಡ, ಒಂದು ನಿಜವಾದ ಗೇಮ್ ಹಿಡಿಯೋಣ. 'ರಿಯಲ್ ಸ್ಟೀಲ್ ವರ್ಲ್ಡ್ ರೋಬೋಟ್ ಬಾಕ್ಸಿಂಗ್'. ನಿಮ್ಮಲ್ಲಿ ಕೆಲವರು ಆಡಿರಲೂಬಹುದು. ಹೊರಗಡೆಯ ಸಿನಿಮಾದ ಮೇಲೆ ಕಟ್ಟಿದ್ದಾದರೂ ಇದನ್ನು ಹೊರತಂದದ್ದು ನಮ್ಮ ದೇಶದ ರಿಲಯನ್ಸ್ ಗೇಮ್ಸ್. ಎರಡು ರೋಬೋಗಳು ಬಾಕ್ಸಿಂಗ್ ಕಣದಲ್ಲಿ ಎದುರಾಗುತ್ತವೆ. ಒಂದನ್ನು ನೀವು ಆಡಿಸುತ್ತೀರಿ: ಹಗುರ ಗುದ್ದು, ಬಿರುಸು ಗುದ್ದು, ತಡೆ. ಗೆದ್ದರೆ ಆಟದ ನಾಣ್ಯ ಸಿಗುತ್ತದೆ. ಆ ನಾಣ್ಯದಿಂದ ರೋಬೋದ ಬಲ ಹೆಚ್ಚಿಸಬಹುದು, ಹೊಸ ರೋಬೋ ಪಡೆಯಬಹುದು. ಇಳಿಸಿಕೊಳ್ಳಲು ದುಡ್ಡು ಬೇಡ. ಆದರೆ ಒಳಗೆ ಅಂಗಡಿ ಉಂಟು, ಅಲ್ಲಿ ನಿಜವಾದ ರೂಪಾಯಿ ಕೊಟ್ಟೂ ಕೊಳ್ಳಬಹುದು. ಈ ಕೊನೆಯ ಮಾತು ನೆನಪಿಡ್ರಿ, ಮುಂದೆ ಬೇಕಾಗ್ತದ.

ಮೂಲ ಸಿನಿಮಾ 'ರಿಯಲ್ ಸ್ಟೀಲ್' ಬಂದದ್ದು 2011ರಲ್ಲಿ. ಅದಕ್ಕೂ ಹಿಂದೆ ರಿಚರ್ಡ್ ಮ್ಯಾಥೆಸನ್ ಎಂಬ ಲೇಖಕರು 1956ರಲ್ಲಿ ಬರೆದ 'ಸ್ಟೀಲ್' ಎಂಬ ಸಣ್ಣಕಥೆ ಇದೆ. ಸಿನಿಮಾದ ಕಥೆ ಕೇಳ್ರಿ. ಮನುಷ್ಯರ ಬಾಕ್ಸಿಂಗ್ ನಿಂತುಹೋಗಿ ರೋಬೋಗಳ ಬಾಕ್ಸಿಂಗ್ ನಡೆಯುವ ಕಾಲ. ಚಾರ್ಲಿ ಎಂಬ ಹಳೆಯ ಬಾಕ್ಸರ್ ಮೈತುಂಬ ಸಾಲ ಮಾಡಿಕೊಂಡಿದ್ದಾನೆ. ಸಿನಿಮಾ ಶುರುವಾಗುವುದೇ ಅವನು ತನ್ನ ರೋಬೋವನ್ನು ಒಂದು ಹೋರಿಯ ಎದುರು ಇಳಿಸಿ, ಪಣ ಕಟ್ಟಿ, ಸೋತುಹೋಗುವುದರಿಂದ. (ಹೋರಿಯೇ ರೋಬೋವನ್ನು ಮುರಿದುಹಾಕುತ್ತದೆ. ಎತ್ತು ಹೋರಿ ಕಂಡವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.) ಅವನ ಮಗ ಮ್ಯಾಕ್ಸ್‌ಗೆ ಹನ್ನೊಂದು ವರ್ಷ, ಹೆಚ್ಚುಕಡಿಮೆ ನಿಮ್ಮ ಓರಗೆಯವ. ಗುಜರಿ ಅಡ್ಡೆಯ ಕೆಸರಿನಲ್ಲಿ ಹೂತಿದ್ದ ಆಟಮ್ ಎಂಬ ಹಳೆಯ ರೋಬೋ ಅವನಿಗೆ ಸಿಗುತ್ತದೆ. ಅದನ್ನು ತೊಳೆಯುತ್ತಾನೆ, ಎಚ್ಚರಗೊಳಿಸುತ್ತಾನೆ, ಕುಣಿಯಲು ಕಲಿಸುತ್ತಾನೆ. ಆಟಮ್‌ಗೆ ಎದುರಿನವರನ್ನು ನೋಡಿ ಹಾಗೆಯೇ ಮಾಡುವ ಶಕ್ತಿ ಇದೆ. ಕೊನೆಯ ಪಂದ್ಯದಲ್ಲಿ ಜ್ಯೂಸ್ ಎಂಬ ದೈತ್ಯನ ಎದುರು ಆಟಮ್ ಅಂಕಗಳಲ್ಲಿ ಸೋಲುತ್ತದೆ, ಜನ ಮಾತ್ರ ಅದನ್ನೇ ಮೆಚ್ಚುತ್ತಾರೆ.

ಈಗ ಗೇಮ್ ಕಡೆ ಬರ್ರಿ. ಗುಜರಿ ಎಲ್ಲಿ ಹೋಯಿತು? ಕೆಸರು ತೊಳೆದದ್ದು? ಅಪ್ಪ ಮಗನ ಜಗಳ, ಮತ್ತೆ ಕೂಡಿದ್ದು? ಅವೆಲ್ಲ ಉದುರಿ ಗುದ್ದಾಟ ಒಂದೇ ಉಳಿದಿದೆ. ಸಿನಿಮಾದಿಂದ ಗೇಮ್ ಮಾಡುವಾಗ ಬಹಳ ಸಲ ಹೀಗೇ ಆಗುತ್ತದೆ, ಏಕೆಂದರೆ ಗುಂಡಿ ಒತ್ತಿ ಆಡಿಸಲು ಸುಲಭವಾದದ್ದು ಹೊಡೆದಾಟ. ಸಿನಿಮಾದಲ್ಲಿ ಮ್ಯಾಕ್ಸ್ ರೋಬೋ ಜತೆ ಏನೆಲ್ಲ ಮಾಡಿದ, ಗೇಮಿನಲ್ಲಿ ನೀವು ಏನು ಮಾಡ್ತೀರಿ? ಎರಡನ್ನೂ ವಹಿಯಲ್ಲಿ ಅಕ್ಕಪಕ್ಕ ಬರೆದು ನೋಡ್ರಿ. 'ಸಿನಿಮಾ ಛಲೋ ಅದ, ಹಂಗಾರ ಗೇಮೂ ಛಲೋ' ಎಂಬ ಲೆಕ್ಕ ಅಲ್ಲೇ ತಪ್ಪುತ್ತದೆ.

"ಆದರ ಸರ್, ಹೊಡೆಸಿಕೊಳ್ಳೋದು ಮನುಷ್ಯ ಅಲ್ಲಲ್ಲ, ಕಬ್ಬಿಣ. ರಕ್ತ ಬರೋದಿಲ್ಲ." ವರ್ಗದಲ್ಲಿ ಈ ಮಾತು ಬಂದೇ ಬರುತ್ತದೆ. ಒಳ್ಳೆಯ ವಾದ. ರೋಬೋ ಎಂಬ ಶಬ್ದ ಹುಟ್ಟಿದ್ದು ಝೆಕ್ ನಾಟಕಕಾರ ಕಾರೆಲ್ ಚಾಪೆಕ್ ಅವರ 1920ರ 'ಆರ್.ಯು.ಆರ್.' ನಾಟಕದಿಂದ. ಝೆಕ್ ಭಾಷೆಯಲ್ಲಿ 'ರೊಬೋಟಾ' ಅಂದರೆ ನಮ್ಮ ಹಿರಿಯರು ಹೇಳುವ ಬಿಟ್ಟಿ ಬೇಗಾರಿ. ಬಿಟ್ಟಿ ದುಡಿಯಲು ಹುಟ್ಟಿದ ಆ ಜೀವಕ್ಕೆ ನೋವಾಗುತ್ತದೆಯೇ ಅಂತ ಜಗತ್ತು ಬಹಳ ವಿಚಾರ ಮಾಡಲಿಲ್ಲ. ಗೇಮ್ ಮಾಡುವವರಿಗೂ ಇದು ಅನುಕೂಲ. ರಕ್ತದ ಬದಲು ಕಿಡಿ, ಎಲುಬಿನ ಬದಲು ಬೋಲ್ಟು, ಮಾಡಿದ್ದು ಅದೇ ಗುದ್ದು.

ರಕ್ತ ಇಲ್ಲ ಅಂದಮಾತ್ರಕ್ಕೆ ಸಣ್ಣವರಿಗೆ ಆಗ್ತದೇನು? ಇದನ್ನು ಅಳೆಯಲು ಜಗತ್ತು ಕೆಲವು ಪದ್ಧತಿ ಮಾಡಿಕೊಂಡಿದೆ. ನಮ್ಮಲ್ಲಿ ಸಿನಿಮಾಕ್ಕೆ ಪ್ರಮಾಣಪತ್ರ ಇರುವುದು ನಿಮಗೆ ಗೊತ್ತು. ಮೊದಲು 'ಯು', 'ಯು/ಎ', 'ಎ' ಎಂದಿತ್ತು. 2023ರ ಕಾಯದೆ ತಿದ್ದುಪಡಿಯಿಂದ ಯು/ಎ ಒಡೆದು 7, 13, 16 ವಯಸ್ಸಿನ ಮೂರು ಮೆಟ್ಟಿಲಾದವು. ಗೇಮ್‌ಗಳ ಕಥೆ ಬೇರೆ. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ 'ಮಾರ್ಟಲ್ ಕಾಂಬ್ಯಾಟ್'ನಂಥ ರಕ್ತ ಚಿಮ್ಮುವ ಗೇಮ್‌ಗಳ ಬಗ್ಗೆ ದೊಡ್ಡ ವಾದ ನಡೆಯಿತು. ಸರಕಾರ ಕೈ ಹಾಕುವ ಮೊದಲೇ ಗೇಮ್ ಕಂಪನಿಗಳು 1994ರಲ್ಲಿ ಇ.ಎಸ್.ಆರ್.ಬಿ. ಎಂಬ ಮಂಡಳಿ ಮಾಡಿಕೊಂಡು ತಾವೇ ಗುರುತು ಹಾಕತೊಡಗಿದವು. ಯುರೋಪಿನ 'ಪೆಗಿ' 2003ರಲ್ಲಿ ಬಂತು, ಅದರ ಮೆಟ್ಟಿಲು 3, 7, 12, 16, 18. ನಿಮ್ಮ ಫೋನಿನ ಪ್ಲೇ ಸ್ಟೋರ್‌ನಲ್ಲೂ ಪ್ರತಿ ಗೇಮ್ ಹೆಸರಿನ ಕೆಳಗೆ ಇಂಥದೊಂದು ವಯಸ್ಸಿನ ಅಂಕಿ ಇರುತ್ತದೆ. ಬಹಳ ಮಂದಿ ನಕ್ಷತ್ರ ಎಷ್ಟು ಅಂತ ನೋಡ್ತಾರ, ಈ ಅಂಕಿ ನೋಡೋದಿಲ್ಲ.

ಒಂದು ಉದಾಹರಣೆ. ಕಾರು ರೋಬೋ ಆಗುವ 'ಟ್ರಾನ್ಸ್‌ಫಾರ್ಮರ್ಸ್' ಸಣ್ಣ ಮಕ್ಕಳ ಆಟಿಕೆಯಾಗಿ ಜಗತ್ತಿಗೆ ಗೊತ್ತು. ಆದರೆ ಅದೇ ಹೆಸರಿನ 2009ರ ಸಿನಿಮಾದ ಜತೆ ದೊಡ್ಡ ಗೇಮ್ ಯಂತ್ರಗಳಿಗೆ ಬಂದ ಗೇಮ್‌ಗೆ ಅಮೆರಿಕದಲ್ಲಿ ಬಿದ್ದದ್ದು 'ಟೀನ್' ಗುರುತು, ಅಂದರೆ 13 ದಾಟಿದವರಿಗೆ. ಹನಿ ರಕ್ತ ಇಲ್ಲದ ರೋಬೋಗಳಿಗೂ ಹದಿಮೂರು! ಆಟಿಕೆಯ ಡಬ್ಬಿ ನೋಡಿ ಗೇಮ್ ಕೊಡಿಸಿದ ಪಾಲಕರು ಅಲ್ಲಿಯೂ ಎಡವಿರಬೇಕು.

ಈ ಅಂಕಿಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಸಾಮಾನ್ಯ. '7+' ಅಂದರೆ ಏಳು ವರ್ಷದವರು ಆಡಬಲ್ಲಷ್ಟು ಸುಲಭ ಎಂದಲ್ಲ, ಒಳಗಿನ ದೃಶ್ಯ ಆ ವಯಸ್ಸಿಗೆ ಹೆದರಿಸುವಂಥದ್ದಲ್ಲ ಎಂದಷ್ಟೆ. ಆಟ ಎಷ್ಟು ಹೊತ್ತು ಹಿಡಿದು ಕೂಡಿಸುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಗುದ್ದುವ ಆಟ ಆಡಿದರೆ ಗುದ್ದುವ ಹುಡುಗ ಆಗ್ತಾನಾ? ವಿಜ್ಞಾನಿಗಳು ಇದರ ಹಿಂದೆ ಬಹಳ ವರ್ಷ ಬಿದ್ದಿದ್ದಾರೆ. 1961ರಲ್ಲಿ ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 72 ಸಣ್ಣ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಹಿರಿಯರೊಬ್ಬರು ಹೊಡೆಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು, ಕೆಲವರಿಗೆ ತೋರಿಸಲಿಲ್ಲ. ನೋಡಿದ ಮಕ್ಕಳು ಆಮೇಲೆ ಅದೇ ರೀತಿ ಗೊಂಬೆಗೆ ಹೊಡೆದರು. ಇದನ್ನು ಹಿಡಿದು 'ಗೇಮ್ ಆಡಿದವರೆಲ್ಲ ಗೂಂಡಾ ಆಗ್ತಾರ' ಎನ್ನುವುದು ತಪ್ಪು. ಗೊಂಬೆಗೆ ಹೊಡೆದರು, ಪಕ್ಕದ ಮಗುವಿಗೆ ಅಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಎಲ್ಲ ಅಧ್ಯಯನ ಮತ್ತೊಮ್ಮೆ ನೋಡಿ ಹೇಳಿದ್ದೂ ಇಷ್ಟೆ: ಹಿಂಸೆಯ ಗೇಮ್‌ಗೂ ಒದರಾಡುವುದು, ನೂಕುವುದು ಮುಂತಾದ ಸಣ್ಣ ಸಿಡುಕಿಗೂ ಸ್ವಲ್ಪ ಸಂಬಂಧ ಕಾಣುತ್ತದೆ, ಖೂನಿ, ಮಾರಣಾಂತಿಕ ಹೊಡೆತದಂಥ ಘೋರ ಹಿಂಸೆಗೆ ಗೇಮ್ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ.

ತಮ್ಮನ ಮಟ್ಟಿಗೆ ಇದನ್ನು ನೀವೇ ನೋಡಬಹುದು, ಪ್ರಯೋಗಶಾಲೆ ಬೇಕಾಗಿಲ್ಲ. ನಾಲ್ಕು ದಿನ ಅವನು ಇಪ್ಪತ್ತು ಮಿನಿಟು ಚೆಂಡಿನ ಆಟ ಆಡಲಿ, ನಾಲ್ಕು ದಿನ ಇಪ್ಪತ್ತು ಮಿನಿಟು ಈ ಗೇಮ್ ಆಡಲಿ. ಎರಡೂ ಸಲ ಆಟ ಮುಗಿದ ಮೇಲಿನ ಅರ್ಧ ತಾಸು ಅವನಿಗೆ ಗೊತ್ತಾಗದಂತೆ ಗಮನಿಸಿ: ಎಷ್ಟು ಸಲ ಒದರಿದ, ಎಷ್ಟು ಸಲ ನೂಕಿದ, 'ಸಾಕು' ಅಂದಾಗ ಎಷ್ಟು ಹೊತ್ತು ಹಟ ಮಾಡಿದ. ಎಂಟು ದಿನದ ಅಂಕಿಯಿಂದ ಜಗತ್ತಿಗೆ ಏನೂ ಸಿದ್ಧವಾಗುವುದಿಲ್ಲ, ನಿಮ್ಮ ಮನೆಗೆ ಒಂದು ಅಂದಾಜು ಸಿಗುತ್ತದೆ. ಒಂದು ಎಚ್ಚರಿಕೆ, ಎರಡೂ ಆಟ ದಿನದ ಒಂದೇ ಹೊತ್ತಿನಲ್ಲಿ ಇರಬೇಕು. ಹಸಿದ ಹುಡುಗ ಗೇಮ್ ಇಲ್ಲದೆಯೂ ಸಿಡುಕುತ್ತಾನೆ.

ಇನ್ನು ನಮ್ಮ ವಿಷಯ, ವಿಜ್ಞಾನ. ಗೇಮಿನ ರೋಬೋಗಳು ಮನುಷ್ಯನಿಗಿಂತ ಎಷ್ಟೋ ಎತ್ತರ, ಆದರೂ ಬೆಕ್ಕಿನ ಹಾಗೆ ಚುರುಕು. ನಿಜವಾಗಿ ಹೀಗಾಗುತ್ತದೆಯೆ? 2025ರ ಮೇ ತಿಂಗಳಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಿಜವಾದ ರೋಬೋಗಳ ಬಾಕ್ಸಿಂಗ್ ಪಂದ್ಯ ನಡೆಯಿತು. ಕಣಕ್ಕಿಳಿದದ್ದು ಯುನಿಟ್ರೀ ಕಂಪನಿಯ ಜಿ1 ರೋಬೋಗಳು. ಎತ್ತರ ಸುಮಾರು 1.3 ಮೀಟರ್, ತೂಕ ಸುಮಾರು 35 ಕಿಲೋ, ಅಂದರೆ ಐದಾರನೆಯ ಇಯತ್ತೆಯ ಹುಡುಗನಷ್ಟು. ಗುದ್ದು ಎಷ್ಟೋ ಸಲ ಗಾಳಿಗೆ ಹೋಯಿತು. ಬಿದ್ದವು, ಎದ್ದವು. ರೋಬೋಗೆ ಕಷ್ಟವಾದದ್ದು ಗುದ್ದುವುದಕ್ಕಿಂತ ನಿಂತಿರುವುದು.

ಅವನ್ನು ಸಿನಿಮಾದಂತೆ ದೊಡ್ಡದು ಮಾಡೋಣ. ಎತ್ತರ ಎರಡು ಪಟ್ಟು, 2.6 ಮೀಟರ್. ತೂಕವೂ ಎರಡು ಪಟ್ಟು, 70 ಕಿಲೋ ಅಂತೀರೇನು? ಅಲ್ಲ. ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ಗಾತ್ರ 2 × 2 × 2, ಎಂಟು ಪಟ್ಟು. ಚೌಕ ಡಬ್ಬಿಗಳನ್ನು ಜೋಡಿಸಿ ನೋಡ್ರಿ, ಎರಡು ಪಟ್ಟು ಎತ್ತರದ ಘನಕ್ಕೆ ಎಂಟು ಡಬ್ಬಿ ಬೇಕು. ತೂಕ 280 ಕಿಲೋ ಆಯಿತು. ಆದರೆ ಅಂಗಾಲಿನ ಕ್ಷೇತ್ರಫಲ ಹೆಚ್ಚಿದ್ದು ನಾಲ್ಕೇ ಪಟ್ಟು, ಹಾಗಾಗಿ ಅಂಗಾಲಿನ ಪ್ರತಿ ಚದರ ಸೆಂಟಿಮೀಟರ್ ಮೇಲೆ ಒತ್ತಡ ದುಪ್ಪಟ್ಟು. ಬಿದ್ದರಂತೂ ಇನ್ನೂ ಮಜಾ. ಬೀಳುವ ಶಕ್ತಿ ದ್ರವ್ಯರಾಶಿ ಮತ್ತು ಎತ್ತರ ಎರಡನ್ನೂ ಅವಲಂಬಿಸಿದೆ. 8 × 2, ಅಂದರೆ ಹದಿನಾರು ಪಟ್ಟು ಬಿರುಸಿನಿಂದ ನೆಲಕ್ಕಪ್ಪಳಿಸುತ್ತದೆ. ಇರುವೆ ಎಷ್ಟು ಎತ್ತರದಿಂದ ಬಿದ್ದರೂ ನಡೆದುಹೋಗುತ್ತದೆ, ಆನೆ ಒಂದು ತಗ್ಗಿಗೆ ಬಿದ್ದರೆ ಏಳುವುದಿಲ್ಲ ಎಂಬುದರ ಹಿಂದೆಯೂ ಇದೇ ಲೆಕ್ಕ. ಗೆಲಿಲಿಯೋ 1638ರ ತಮ್ಮ ಪುಸ್ತಕದಲ್ಲೇ ಇದನ್ನು ಚರ್ಚಿಸಿದ್ದಾರೆ. ಗೇಮಿನ ರೋಬೋ ಧಡಲ್ ಅಂತ ಬಿದ್ದು ಮತ್ತೆ ಜಿಗಿದೇಳುವಾಗ ಈ ಲೆಕ್ಕ ಹಾಕುವ ವಯಸ್ಸು ನಿಮ್ಮದು, ಹಾಕಿದರೆ ಗೇಮೇ ಪಾಠ ಆಗುತ್ತದೆ. ಎರಡನೆಯ ಇಯತ್ತೆಯ ತಮ್ಮನಿಗೆ ಅದು ಹಾಗೆ ಕಾಣುವುದಿಲ್ಲ. ಅವನು ಬಿದ್ದವರೆಲ್ಲ ಏಳ್ತಾರ ಅಂತಲೇ ನಂಬುತ್ತಾನೆ.

ರೋಬೋ ಅಂದರೆ ಗುದ್ದುವ ಕಬ್ಬಿಣದ ಮನುಷ್ಯ ಎಂಬ ಚಿತ್ರವನ್ನೂ ಇಂಥ ಗೇಮ್‌ಗಳು ಗಟ್ಟಿ ಮಾಡುತ್ತವೆ, ಇದು ನನಗೆ ಅಷ್ಟು ಸೇರುವುದಿಲ್ಲ. ಸೊಲ್ಲಾಪುರಿ ಚಾದರದ ಮೇಲಿನ ನಕ್ಷೆ ಜಕಾರ್ಡ್ ಮಗ್ಗದಲ್ಲಿ ಮೂಡುತ್ತದೆ. ತೂತು ಕೊರೆದ ಪಟ್ಟಿ ಹೇಳಿದಂತೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಯಂತ್ರ ನಡೆಸುತ್ತದೆ. ಫ್ರಾನ್ಸಿನ ಜಕಾರ್ಡ್ ಇದನ್ನು ಹೊರತಂದದ್ದು 1804ರಲ್ಲಿ. ಬರೆದಿಟ್ಟ ಆಜ್ಞೆಯಂತೆ ತಾನೇ ಕೆಲಸ ಮಾಡುವ ಯಂತ್ರ, ರೋಬೋದ ಅಜ್ಜ. ನಿಮ್ಮ ಹಾಸಿಗೆಯ ಮೇಲಿನ ಚಾದರ ಅವನ ಕೈಕೆಲಸ.

ಈಗ ಬಾಕಿ ಉಳಿದ ಮಾತು, ದುಡ್ಡು ಮತ್ತು ಹೊತ್ತು. ನನ್ನ ಮಟ್ಟಿಗೆ ಗುದ್ದಿಗಿಂತ ಹೆಚ್ಚು ನೋಡಬೇಕಾದದ್ದು ಇದನ್ನೇ. ಬಿಟ್ಟಿ ಕೊಟ್ಟ ಗೇಮ್ ಕಂಪನಿಗೆ ಹೇಗೆ ಲಾಭ ತರುತ್ತದೆ? ಜಾಹೀರಾತು ಮತ್ತು ಒಳಗಿನ ಅಂಗಡಿ, ಇವೇ ದಾರಿ. ಇಂಥ ಗೇಮ್‌ಗಳಲ್ಲಿ ಮೊದಲ ದಿನ ಗೆಲುವು ಸಲೀಸು, ನಾಣ್ಯ ಸುರಿಯುತ್ತವೆ. ಆಮೇಲೆ ಎದುರಾಳಿ ಗಟ್ಟಿಯಾಗುತ್ತಾನೆ, ನಿಮ್ಮ ರೋಬೋ ಸೋಲತೊಡಗುತ್ತದೆ, ಹೊಸ ರೋಬೋದ ಬೆಲೆ ಕಣ್ಣೆದುರು ಹೊಳೆಯುತ್ತದೆ. ಲೆಕ್ಕಕ್ಕಾಗಿ ಹಿಡಿಯೋಣ: ಒಂದು ಗೆಲುವಿಗೆ 100 ನಾಣ್ಯ, ಬೇಕಾದ ರೋಬೋಗೆ 25,000. ಅಂದರೆ 250 ಗೆಲುವು. ಒಂದಕ್ಕೆ ಎರಡು ಮಿನಿಟು ಹಿಡಿದರೂ 500 ಮಿನಿಟು, ಎಂಟು ತಾಸು ಇಪ್ಪತ್ತು ಮಿನಿಟು. ಒಂದೂ ಸೋಲದಿದ್ದರೆ! ನೀವು ಆಡುವ ಗೇಮಿನ ನಿಜವಾದ ಅಂಕಿ ಹಾಕಿ ಈ ಭಾಗಾಕಾರ ಮಾಡಿ ನೋಡ್ರಿ. ಅಷ್ಟು ತಾಳ್ಮೆ ಯಾರಿಗದ? ಪಕ್ಕದಲ್ಲೇ ಗುಂಡಿ ಇದೆ, ಒತ್ತಿದರೆ ರೂಪಾಯಿ ಕೊಟ್ಟು ಈಗಲೇ ಕೊಳ್ಳಬಹುದು.

ಇದರ ಹಿಂದಿನ ವಿಜ್ಞಾನ ಹಳೆಯದು. ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಗುಂಡಿ ಕುಕ್ಕಿದರೆ ಕಾಳು ಬೀಳುವಂತೆ ಮಾಡಿದ್ದರು. ಇಂತಿಷ್ಟು ಸಲ ಕುಕ್ಕಿದರೆ ಒಂದು ಕಾಳು ಎಂದು ಗೊತ್ತುಮಾಡಿದಾಗ ಹಕ್ಕಿ ಕಾಳು ತಿಂದ ಮೇಲೆ ತುಸು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಯಾವ ಕುಕ್ಕಿಗೆ ಕಾಳು ಬೀಳುತ್ತದೋ ಗೊತ್ತಾಗದಂತೆ ಮಾಡಿದಾಗ ಅದು ಬಿಡುವಿಲ್ಲದೆ ಕುಕ್ಕುತ್ತಲೇ ಇತ್ತು. ಗೇಮಿನೊಳಗೆ ಏನು ಬರುತ್ತದೋ ಗೊತ್ತಿಲ್ಲದ ಬಹುಮಾನದ ಡಬ್ಬಿ, ತಿರುಗುವ ಚಕ್ರ ಕಂಡರೆ ಆ ಪಾರಿವಾಳವನ್ನು ನೆನಸಿಕೊಳ್ಳಿರಿ. ಹಣ ಕೊಟ್ಟು ತೆರೆಯುವ ಇಂಥ ಡಬ್ಬಿಗಳು ಜೂಜೇ ಎಂದು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ಹೇಳಿದರು. ನಮ್ಮಲ್ಲಿ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ರೋಬೋ ಗೇಮಿನಲ್ಲಿ ಹಣ ಗೆಲ್ಲುವ ಮಾತಿಲ್ಲ, ಹೋಗುವುದು ಮಾತ್ರ ಉಂಟು. ಸಿನಿಮಾದ ಚಾರ್ಲಿಯನ್ನು ಕೆಡಿಸಿದ್ದು ರೋಬೋಗಳಲ್ಲ, ಇನ್ನೊಂದು ಪಂದ್ಯ ಗೆದ್ದರೆ ಎಲ್ಲ ಸರಿಹೋಗ್ತದ ಎಂಬ ಪಣ.

ಆಟ ನಿಲ್ಲಿಸಲಾಗದೆ ಊಟ, ನಿದ್ದೆ, ಶಾಲೆ ಕೆಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲ್, ಗೇಮ್ ಬಿಡಲಾಗದವರಿಗಾಗಿಯೇ ಬೇರೆ ಚಿಕಿತ್ಸಾ ಕೇಂದ್ರ ಇದೆ. ಆಡಿದವರೆಲ್ಲರಿಗೂ ಈ ಕಾಯಿಲೆ ಬರುತ್ತದೆ ಅಂತಲ್ಲ, ಬಹಳ ಮಂದಿಗೆ ಬರುವುದಿಲ್ಲ.

ಹಾಗಾದರೆ ನನ್ನ ತೀರ್ಪು ಏನು ಅಂತ ಕೇಳ್ತೀರಿ. ಮೊದಲು ನೀವೇ ಅರ್ಧ ತಾಸು ಆಡಿ ನೋಡಿರಿ, ತಮ್ಮ ಪಕ್ಕದಲ್ಲಿ ಇಲ್ಲದಾಗ. ಎರಡನೆಯ ಇಯತ್ತೆಯವನ ಕೈಗೆ ನಾನಾದರೆ ಈ ಗೇಮ್ ಕೊಡುವುದಿಲ್ಲ. ಗುದ್ದು ಕಂಡು ಕೆಡುತ್ತಾನೆ ಅಂತಲ್ಲ. ಅಂಗಡಿಯ ಗುಂಡಿ ಯಾವುದು, ಆಟದ ಗುಂಡಿ ಯಾವುದು ಎಂದು ಅವನಿಗೆ ಓದಲು ಬರುವುದಿಲ್ಲ, ಜಾಹೀರಾತು ಯಾವುದು ಎಂಬುದೂ ತಿಳಿಯುವುದಿಲ್ಲ. ಐದು, ಆರನೆಯ ಇಯತ್ತೆಯವರು ದೊಡ್ಡವರ ಪಕ್ಕ ಕೂತು, ಗಡಿಯಾರ ಇಟ್ಟುಕೊಂಡು ಇಪ್ಪತ್ತು ಮಿನಿಟು ಆಡಲಿ. ಎಂಟನೆಯ ಇಯತ್ತೆ ದಾಟಿದವರು ಆಡ್ರಿ, ಆದರೆ ಆ ಭಾಗಾಕಾರ ಮಾಡಿದ ಮೇಲೆ. ತಮ್ಮ ಅತ್ತರೆ ಸಿನಿಮಾ ಒಟ್ಟಿಗೆ ಕೂತು ನೋಡಬಹುದು, ಅದೂ ಅವನು ಇನ್ನಷ್ಟು ದೊಡ್ಡವನಾದ ಮೇಲೆ, ಯಾಕಂದರ ಚಾರ್ಲಿಗೆ ಸಾಲಗಾರರು ಹೊಡೆಯುವ ದೃಶ್ಯ ಅದರಲ್ಲದ. ಸದ್ಯಕ್ಕೆ ಎರಡು ಸಿರಿಂಜು, ಒಂದು ನಳಿಕೆ, ನೀರು, ರಟ್ಟು ಸಾಕು. ಒಂದು ಸಿರಿಂಜು ಒತ್ತಿದರೆ ಇನ್ನೊಂದು ಮೇಲೇಳುತ್ತದೆ, ಅದಕ್ಕೆ ರಟ್ಟಿನ ಕೈ ಕಟ್ಟಿಕೊಡಿ. ಪಾಸ್ಕಲ್‌ನ ನಿಯಮ ಅವನಿಗೆ ತಿಳಿಯದಿದ್ದರೂ ನಡೆದೀತು, ಕೈ ಏಳುವುದು ಕಂಡರೆ ಅವನು ಮೊಬೈಲ್ ಕೆಳಗಿಟ್ಟು ಬರ್ತಾನ.

ಫೋನ್ ಅಪ್ಪನಿಗೆ ವಾಪಸ್ಸು ಕೊಡುವ ಮೊದಲು ಒಂದು ಕೆಲಸ. ಪ್ಲೇ ಸ್ಟೋರ್‌ನ ಸೆಟ್ಟಿಂಗಿಗೆ ಹೋಗಿ ಯಾವ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಅವರ ಎದುರೇ ಮಾಡಿಡಿ. ಆ ಪಾಸ್‌ವರ್ಡ್ ಅಪ್ಪ ಅವ್ವನಿಗೆ ಮಾತ್ರ ಗೊತ್ತಿರಲಿ, ನಿಮಗೂ ಬೇಡ.